ಬಿಳಿ ತೋಳಿನೊಳಗೆ ಹಸಿರು ಬಳೆ

ಬಳೆಗಾರ ಕೈ ಹಿಡಿದಾಗ ಕೈ ಸಡಿಲ ಬಿಡಬೇಕು ಎಂದು ಹಳ್ಳಿಯ ಮುದುಕಿಯರು ಹೇಳುತ್ತಾರೆ. ಬಿಗಿ ಹಿಡಿದರೆ ಬಳೆಯೂ ಒಡೆಯುತ್ತದೆ, ಕೈಯನ್ನೂ ಕೊಯ್ಯುತ್ತದೆ. ಜಯಾ ಈ ಮಾತು ಕೇಳಿಯೇ ಬೆಳೆದವಳು. ಆದರೆ ಅವಳ ಕೈ ಸಡಿಲವಾಗಿ ಬಿದ್ದಿದ್ದನ್ನು ಗಂಡ ತ್ಯಾಗರಾಜ ಒಂದು ದಿನವೂ ಕಂಡಿರಲಿಲ್ಲ. ಪೊರಕೆಯನ್ನೋ, ಸೌಟನ್ನೋ, ಗ್ರಂಥವನ್ನೋ, ಇಲ್ಲವೇ ಕಷ್ಟದಲ್ಲಿರುವ ಯಾರದಾದರೂ ಕೈಯನ್ನೋ ಅದು ಹಿಡಿದೇ ಇರುತ್ತಿತ್ತು.

ಇಬ್ಬರೂ ಮೈಸೂರಿನವರು. ಮದುವೆಯಾದ ಕೆಲವು ವರ್ಷಕ್ಕೆ, ಜನ ಮಾರ್ಮನ್ ಎಂದು ಕರೆಯುವ ಕ್ರಿಸ್ತಸಭೆಗೆ ಸೇರಿದರು. ಮಕ್ಕಳಾಗಲಿಲ್ಲ. ತ್ಯಾಗರಾಜ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಮೇಲೆ, ಹಿರಿಯ ದಂಪತಿಗಳು ಪರದೇಶದಲ್ಲಿ ಸೇವೆಗೆ ನಿಲ್ಲುವ ಆ ಸಭೆಯ ಪದ್ಧತಿಯಂತೆ ಹೆಸರು ಕೊಟ್ಟರು. ಕರೆ ಬಂದದ್ದು ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್‌ಗೆ. ಅಮೆರಿಕದವರು ನಮ್ಮ ಕಡೆ ಬಂದು ದೇವರ ಮಾತು ಹೇಳಿದ್ದಕ್ಕೆ ಈಗ ನಾವು ಸಾಲ ತೀರಿಸಲು ಹೊರಟೆವು ಎಂದು ಜಯಾ ನಗುತ್ತಿದ್ದಳು.

ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡರೆ ಅವನು ಎಲ್ಡರ್, ಅವಳು ಸಿಸ್ಟರ್. ಬೆಳಿಗ್ಗೆ ಇಬ್ಬರೂ ಮಂಡಿಯೂರಿ ಪ್ರಾರ್ಥಿಸಿ, ಒಂದು ಅಧ್ಯಾಯ ಓದಿ, ಉಪ್ಪಿಟ್ಟು ತಿಂದು ಕಾರು ಹತ್ತುವರು. ಚರ್ಚಿಗೆ ಬರುವುದು ಬಿಟ್ಟವರ ಬಾಗಿಲು ತಟ್ಟುವುದು, ಹಸಿದವರಿಗೆ ಧಾನ್ಯ ಕಟ್ಟಿಕೊಡುವುದು, ಮುದುಕರ ಹುಲ್ಲು ಕತ್ತರಿಸಿಕೊಡುವುದು, ಇಂಥವೇ ಕೆಲಸ. ಧರ್ಮದ ಮಾತು ಆಡುವುದಕ್ಕಿಂತ ಪಾತ್ರೆ ತೊಳೆಯುವುದೇ ಹೆಚ್ಚು.

ಕೆಳಗಿನ ಮನೆಯಲ್ಲಿ ಬಾಗಲಕೋಟೆಯ ಸಿದ್ದೇಶ್ವರಿ ಇದ್ದಳು. ಅವಳ ಗಂಡ ದಿನಾ ರಾಜ್ಯದ ಗಡಿ ದಾಟಿ ಶಾರ್ಲಟ್‌ಗೆ ಕೆಲಸಕ್ಕೆ ಹೋಗುವ ಎಂಜಿನಿಯರು. ಮೊದಲ ದಿನವೇ ಅವಳು ಚಹಾ ತಂದಿಟ್ಟಾಗ ಜಯಾ ಕೈಮುಗಿದಳು. ಅವರ ಸಭೆಯಲ್ಲಿ ಚಹಾ, ಕಾಫಿ ಎರಡೂ ವರ್ಜ್ಯ.

"ಏನ್ ಧರ್ಮಾರೀ ಆಂಟಿ ನಿಮ್ದು! ದೇವ್ರಿಗೆ ಚಾದಾಗ ಏನ್ ತಪ್ಪು ಕಂಡಿತಂತ?"

"ತಪ್ಪು ಚಾದಲ್ಲಿ ಇಲ್ಲ ಕಣಮ್ಮ, ಬಿಡಕ್ಕಾಗದೇ ಇರೋ ನಮ್ಮ ನಾಲಿಗೇಲಿ ಇತ್ತು. ಬಿಸಿನೀರಿಗೆ ಬೆಲ್ಲ, ಶುಂಠಿ ಹಾಕಿ ಕೊಡು, ಕುಡೀತೀನಿ."

"ಕುಂಕಮಾನೂ ಬಿಟ್ಟೀರಿ. ಮತ್ತ ಈ ಹಸರ ಬಳಿ ಯಾಕ ಬಿಟ್ಟಿಲ್ಲ?"

ಜಯಾ ಮುಂಗೈ ತಿರುಗಿಸಿ ನೋಡಿಕೊಂಡಳು. ಅವಳಿಗೆ ಆಗಷ್ಟೇ ಬುದ್ಧಿ ತಿಳಿಯುತ್ತಿದ್ದಾಗ ಅಪ್ಪ ತೀರಿಕೊಂಡಿದ್ದ. ಅಂಗಳದಲ್ಲಿ ಅಮ್ಮನನ್ನು ಕೂರಿಸಿ, ಎರಡು ಕೈಯನ್ನೂ ಕಲ್ಲಿನ ಮೇಲಿಟ್ಟು ಬಳೆ ಕುಟ್ಟಿದ್ದರು. ಬಿಳಿ ಸೀರೆ ಹೊದಿಸಿದ್ದರು. ಆ ಸದ್ದು ಕೇಳಿ ಕಣಜದ ಹಿಂದೆ ಅಡಗಿದ್ದ ಮಗಳನ್ನು ಅಮ್ಮ ಆಮೇಲೆ ತಬ್ಬಿಕೊಂಡು, "ನೀನು ಮಾತ್ರ ಬಳೆ ಹಾಕ್ಕೊಂಡೇ ಹೋಗ್ಬೇಕು ಮಗಾ" ಎಂದಿದ್ದಳು.

"ಅಮ್ಮಂಗೆ ಮಾತು ಕೊಟ್ಟಿದೀನಿ," ಎಂದಳು ಜಯಾ. "ಯೇಸಪ್ಪ ಇದನ್ನ ಬಿಡು ಅಂತ ಕೇಳ್ಲೂ ಇಲ್ಲ."

ಎರಡನೆಯ ಚಳಿಗಾಲ ಕಳೆಯುವಷ್ಟರಲ್ಲಿ ಅವಳಿಗೆ ಉಸಿರು ಹಿಡಿಯತೊಡಗಿತು. ಕಾಲು ಬಾತವು, ಕೈ ಬಾತವು. ಊರಿಗೆ ಹೊರಡಿ ಎಂದು ಸೇವೆಯ ಮೇಲ್ವಿಚಾರಕರು ಹೇಳಿದರೂ ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ, ಮಣಿಕಟ್ಟಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ಹಾಯಿಸಿ ನೋಡಬೇಕು, ಬಳೆ ತೆಗೆಯಿರಿ ಎಂದರು. ಸೋಪು ಹಚ್ಚಿದರೂ ಜಾರಲಿಲ್ಲ. ನರ್ಸ್ ಕತ್ತರಿಸುವ ಸಾಧನ ತಂದಳು. ಪರದೇಶಿ ಕೈ ಅವಳಿಗೆ ನೋವು ಮಾಡೀತೆಂದು ಹೆದರಿದ ತ್ಯಾಗರಾಜ, ನಾನೇ ತೆಗೆಯುತ್ತೇನೆ ಎಂದ. ಜೀವಮಾನವೆಲ್ಲ ಕಬ್ಬಿಣದ ಜೊತೆ ಬಾಳಿದ ಕೈ. ಟವೆಲು ಸುತ್ತಿ, ಮೆಲ್ಲಗೆ ಒತ್ತಿ, ಒಂದೊಂದಾಗಿ ಒಡೆದ. ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ತಾನು ಮಾಡಿದ್ದೇನೆಂದು ಹೊಳೆದದ್ದು ಜಯಾ ಗೋಡೆಯ ಕಡೆ ಮುಖ ತಿರುಗಿಸಿದಾಗ.

"ನೀವೇ ಒಡೆದ್ರಲ್ಲ," ಎಂದಳು. "ಬದುಕಿರೋವಾಗ್ಲೇ."

"ಹೊಸಾವು ತರ್ತೀನಿ ಜಯಾ. ಹಸಿರೇ ತರ್ತೀನಿ."

ಸ್ವಲ್ಪ ಹೊತ್ತಾದ ಮೇಲೆ ಅವಳೇ ನಕ್ಕಳು. "ಫೋರ್ಟ್ ಮಿಲ್ ಬೀದೀಲಿ ಬಳೆಗಾರ ಮಲಾರ ಹೊತ್ಕೊಂಡು ಕೂಗ್ತಾ ಬರ್ತಾನಾ? ಎಲ್ಡರೇ, ಸುಳ್ಳು ಹೇಳ್ಬಾರ್ದು."

ಮನೆಗೆ ಬಂದ ಮೇಲೆ ಔಷಧಿಯಿಂದ ಬಾವೆಲ್ಲ ಇಳಿಯಿತು, ಮೈಯೂ ಇಳಿಯಿತು. ಬರಿದಾದ ಮಣಿಕಟ್ಟು ಕಾಣದಂತೆ ಸ್ವೆಟರಿನ ತೋಳನ್ನು ಬೆರಳವರೆಗೆ ಎಳೆದುಕೊಂಡು ಕೂರುತ್ತಿದ್ದಳು. ಶಾರ್ಲಟ್ ಕಡೆಯ ಇಂಡಿಯನ್ ಅಂಗಡಿಗೆ ಹೋಗಿ ಬರುವುದೇನು ದೊಡ್ಡ ಮಾತಲ್ಲ. ಆದರೆ ತ್ಯಾಗರಾಜ ಹೊರಟಾಗಲೆಲ್ಲ ಫೋನ್ ಬರುತ್ತಿತ್ತು. ಒಬ್ಬರ ಸಾಮಾನು ಸಾಗಿಸಬೇಕು, ಇನ್ನೊಬ್ಬರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ತನ್ನದನ್ನು ಕೊನೆಗಿಡುವುದೇ ಸೇವೆಯೆಂದು ಇಬ್ಬರೂ ಕಲಿತಿದ್ದರು. ಹೆಂಡತಿಯ ಬಳೆಯನ್ನು ಅವನು "ತನ್ನದು" ಎಂಬ ಲೆಕ್ಕಕ್ಕೆ ಸೇರಿಸಿದ. ಅವನು ತಪ್ಪಿದ್ದು ಅಲ್ಲಿಯೇ.

ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿದ್ದ ಒಂದು ಬೆಳಿಗ್ಗೆ ರಾಕ್ ಹಿಲ್‌ನಿಂದ ಕರೆ ಬಂತು. ಸೊಂಟ ಮುರಿದುಕೊಂಡ ಮುದುಕಿಯೊಬ್ಬಳು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಎಲ್ಡರನ್ನೇ ಕೇಳುತ್ತಿದ್ದಳು.

"ಇವತ್ತು ಬಳೆ ತಂದೇ ಬರೋದು," ಎಂದ ತ್ಯಾಗರಾಜ.

"ಮೊದ್ಲು ಅಜ್ಜಿ ಹತ್ರ ಹೋಗಿ ರೀ. ಬಳೆ ಎಲ್ಲಿಗೂ ಓಡಿಹೋಗಲ್ಲ. ಇಲ್ಲಿ ಸಿದ್ದೇಶ್ವರಿ ಇದಾಳೆ."

ಮುದುಕಿಯ ನೆತ್ತಿಗೆ ಪವಿತ್ರಗೊಳಿಸಿದ ಎಣ್ಣೆಯ ಒಂದು ಹನಿಯಿಟ್ಟು, ಎರಡೂ ಕೈ ಊರಿ, ಈ ತಾಯಿಗೆ ಆಯುಸ್ಸು ಕೊಡು ತಂದೆ ಎಂದು ಬೇಡಿದ. ಮುದುಕಿಯ ಮುಖ ತಿಳಿಯಾಯಿತು. ಹೊರಬಂದು ಕಾರಿನ ಬಾಗಿಲು ತೆರೆದಾಗ ಫೋನ್ ಬಂತು. ಸಿದ್ದೇಶ್ವರಿ ಅಳುತ್ತಿದ್ದಳು.

"ಅಂಕಲ್, ಆಂಟಿ ನೀರು ಕೇಳಿದ್ರರೀ. ತಂದು ಕೊಡೂದ್ರೊಳಗ… ಆಂಬುಲೆನ್ಸ್‌ನವ್ರು ಬಂದಾರ, ಇಲ್ಲ ಅಂತಾರ್ರೀ…"

ಅವನ ಬೆರಳಿಗೆ ಅಂಟಿದ್ದ ಎಣ್ಣೆ ಇನ್ನೂ ಆರಿರಲಿಲ್ಲ.

ಆ ಸಭೆಯ ದೇವಾಲಯದಲ್ಲಿ ದೀಕ್ಷೆ ಪಡೆದವರನ್ನು ಅಲ್ಲಿ ತೊಡುವ ಉದ್ದ ತೋಳಿನ ಬಿಳಿಯ ಉಡುಪಿನಲ್ಲೇ ಮಣ್ಣಿಗೆ ಕೊಡುತ್ತಾರೆ. ಹೆಂಗಸರಿಗೆ ಹೆಂಗಸರೇ ಉಡಿಸುತ್ತಾರೆ. ಚರ್ಚಿನ ಮಹಿಳಾ ಸಂಘದ ಸಿಸ್ಟರ್ ಪ್ರೂಯಿಟ್ ಬಂದು, ನಾವು ನೋಡಿಕೊಳ್ಳುತ್ತೇವೆ ಎಂದು ಅವನ ಭುಜ ಹಿಡಿದಳು. ಮೈಸೂರಿನಿಂದ ಜಯಾಳ ತಂಗಿ ಇಂದುವಿನ ಫೋನ್ ಬಂತು.

"ಭಾವ, ಬಿಳೀದು ಉಡಿಸ್ತಾರಂತೆ? ಅಕ್ಕ ಮುತ್ತೈದೆ ಭಾವ! ಬಿಳೀ ಬಟ್ಟೆ, ಬರೀ ಕೈ… ಅಮ್ಮನ ಥರ ಕಳಿಸ್ತೀರಾ ಅವಳನ್ನ?"

"ನೋಡು ಇಂದು, ದೇವಾಲಯದಲ್ಲಿ ನಮ್ಮಿಬ್ಬರನ್ನೂ ಎಂದೆಂದಿಗೂ ಅಂತ ಬೆಸೆದಿದಾರಮ್ಮ. ಸಾವು ಅದನ್ನ ಬಿಡಿಸಲ್ಲ. ಬಿಳಿ ನಮಗೆ ವಿಧವೆ ಬಣ್ಣ ಅಲ್ಲ."

"ನಿಮಗಲ್ಲ ಸರಿ. ಬಳೆ?"

ಮರುದಿನ ತ್ಯಾಗರಾಜ ಶಾರ್ಲಟ್ ಕಡೆಯ ಆ ಇಂಡಿಯನ್ ಅಂಗಡಿಗೆ ಹೋದ. ಪ್ಲಾಸ್ಟಿಕ್ಕಿನವು, ತಗಡಿನವು, ಮಕ್ಕಳ ಕುಣಿತಕ್ಕೆಂದು ಮಿಣಮಿಣ ಹೊಳೆಯುವವು ಇದ್ದವು. ಹಸಿರು ಗಾಜಿನವು ಇರಲಿಲ್ಲ, ತರಿಸುವುದೂ ಇಲ್ಲವಂತೆ. ಮೊದಲೇ ಬಂದಿದ್ದರೂ ಸಿಗುತ್ತಿರಲಿಲ್ಲ ಎಂದು ತಿಳಿದರೂ ಮನಸ್ಸು ಹಗುರಾಗಲಿಲ್ಲ. ಅಂದೇ ಹೋಗಿ ಬರಿಗೈಲಿ ಬಂದಿದ್ದರೆ ಅವಳು ನಕ್ಕಾದರೂ ನಗುತ್ತಿದ್ದಳು.

ಅವನ ಮುಖ ನೋಡಿಯೇ ಸಿದ್ದೇಶ್ವರಿಗೆ ತಿಳಿಯಿತು. ಒಳಗೆ ಹೋಗಿ ಹತ್ತಿಯಲ್ಲಿ ಸುತ್ತಿದ ಒಂದು ಪುಟ್ಟ ಗಂಟು ತಂದಳು. ಅವಳು ಬಸುರಿಯಾಗಿದ್ದಾಗ ತವರಿನವರು ಕುಬಸ ಮಾಡಿ ತೊಡಿಸಿದ್ದ ಹಸಿರು ಬಳೆಗಳು.

"ಬ್ಯಾಡಮ್ಮ. ತೌರಿನ ಬಳೆ… ಸತ್ತೋರಿಗೆ ಕೊಟ್ರೆ ನಿಮ್ಮನೇಲಿ ಏನಂತಾರೆ?"

"ನಮ್ ಅತ್ತಿಯವ್ರಿಗೆ ಗೊತ್ತಾದ್ರ ಬೈತಾರ. ಬಾಗಲಕೋಟಿತನಕ ಕೇಳಂಗಿಲ್ಲ ಬಿಡ್ರಿ." ಗಂಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ನನ್ ಕೂಸಿಗೆ ಜ್ವರಾ ಬಂದಾಗ ಆಂಟಿ ರಾತ್ರಿ ಪೂರ್ತಿ ತೊಡಿಮ್ಯಾಲ ಹಾಕ್ಕೊಂಡು ಕುಂತಿದ್ರು ಅಂಕಲ್. ಸತ್ತೋರಿಗಲ್ಲ, ಆಂಟಿಗೆ ಕೊಡಾಕತ್ತೀನಿ."

ಶವಸಂಸ್ಕಾರದ ಮನೆಯಲ್ಲಿ ಉಡಿಸುವುದು ಮುಗಿದಿತ್ತು. ಬಾಗಿಲಲ್ಲಿ ಸಿಸ್ಟರ್ ಪ್ರೂಯಿಟ್‌ಗೆ ತ್ಯಾಗರಾಜ ಗಂಟು ಬಿಚ್ಚಿ ತೋರಿಸಿದ. ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಅಂಗಳದ ಕಲ್ಲು, ಜಯಾಳ ಅಮ್ಮನ ಕೈ, ಆಸ್ಪತ್ರೆಯ ಟವೆಲು, ಎಲ್ಲವನ್ನೂ ಹೇಳಲು ಹೋಗಿ, ಅರ್ಧಕ್ಕೆ ನಿಂತ. ಆ ಉಡುಪಿನ ಮೇಲೆ ಆಭರಣ ಹಾಕುವ ರೂಢಿಯಿಲ್ಲವೆಂದು ಅವನಿಗೂ ಗೊತ್ತು. ಆಕೆ ಒಂದು ಬಳೆಯನ್ನೆತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಹತ್ತಿಯಲ್ಲಿಟ್ಟಳು.

"ತೋಳು ಉದ್ದ ಇದೆ, ಎಲ್ಡರ್," ಎಂದಳು. "ಒಳಗಿರುವುದು ದೇವರಿಗೆ ಮತ್ತು ನಿಮಗೆ ಗೊತ್ತಿದ್ದರೆ ಸಾಕು." ಉಳಿದ ಹೆಂಗಸರನ್ನು ಕರೆದುಕೊಂಡು ಹೊರಗೆ ಹೋದಳು.

ತ್ಯಾಗರಾಜ ಬಿಳಿಯ ತೋಳನ್ನು ಮೇಲಕ್ಕೆ ಸರಿಸಿದ. ಕೈ ತಣ್ಣಗಿತ್ತು, ಸೊರಗಿ ಕಡ್ಡಿಯಾಗಿತ್ತು. ಬಳೆಗಾರರು ಮಾಡುವುದನ್ನು ನೋಡಿದ್ದಂತೆ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದು, ಹಳ್ಳಿಯ ಮುದುಕಿಯರ ಹಾಗೆ, "ಕೈ ಸಡಿಲ ಬಿಡು ಜಯಾ" ಎಂದ.

ಮೊದಲ ಬಳೆ ಗೆಣ್ಣಿಗೂ ತಾಗದೆ ಜಾರಿ ಮಣಿಕಟ್ಟಿಗೆ ಬಂತು. ಎರಡನೆಯದೂ ಹಾಗೆಯೇ. ಆ ಕೈಯ ಬಳೆ ಮುಗಿಸಿ ಈ ಕೈಗೆ ಬಂದ. ಒಂದಾದರೂ ಎಲ್ಲಾದರೂ ಸಿಕ್ಕಿಕೊಂಡೀತು, ಅವಳು ಒಂಚೂರಾದರೂ ಬಿಗಿ ಹಿಡಿದಾಳು ಎಂದು ಕಾಯುತ್ತ, ಒಂದೊಂದನ್ನೂ ನಿಧಾನವಾಗಿ ಏರಿಸಿದ.

ಒಂದೂ ಒಡೆಯಲಿಲ್ಲ.

ತೋಳನ್ನು ಕೆಳಗೆಳೆದು ಬೆರಳವರೆಗೆ ಮುಚ್ಚಿದ, ಅವಳು ಎಳೆದುಕೊಳ್ಳುತ್ತಿದ್ದ ಹಾಗೆ.