ಚಂದ್ರನೇ, ಗದ್ದ ಸ್ವಲ್ಪ ಮೇಲೆ

ನಮ್ಮ ಮನೆಯವರು "ಅಲ್ಲಾಡಬೇಡಿ" ಅಂದರೆ ಗೋಡೆಯ ಮೇಲಿನ ಹಲ್ಲಿ ಕೂಡ ನಿಂತಲ್ಲೇ ನಿಲ್ಲುತ್ತಿತ್ತು. ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ. ಮದುವೆಯಾಗಿ ಬಂದಾಗಿನಿಂದ ಅವರ ಸ್ಟುಡಿಯೋದಲ್ಲಿ ಬಾಚಣಿಗೆ, ಪೌಡರು, ಕೈಗನ್ನಡಿ ಹಿಡಿದು ನಿಂತವಳು ನಾನು. ಗಿರಾಕಿಯ ಕಾಲರ್ ಸರಿ ಮಾಡುವುದು, ಹಣೆಯ ಬೆವರು ಒರೆಸುವುದು ನನ್ನ ಕೆಲಸ. ಗದರಿಸುವುದು ಅವರ ಕೆಲಸ. "ಬೆನ್ನು ನೆಟ್ಟಗೆ. ಗದ್ದ ಸ್ವಲ್ಪ ಮೇಲೆ. ಅಲ್ಲಾಡಬೇಡಿ." ಅವರಾಗಿ "ಆಯ್ತು, ಹೊರಡಿ" ಎನ್ನುವ ತನಕ ಯಾರೂ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಒಮ್ಮೆ ಫೋನು ಬಂತೆಂದು ಹೊರಗೆ ಹೋದವರು ಮರೆತೇಬಿಟ್ಟರು. ಪಾಪ, ದಪ್ಪ ಮೀಸೆಯ ಪೊಲೀಸಿನವನೊಬ್ಬ ಊಟದ ಹೊತ್ತಿನವರೆಗೂ ಗದ್ದ ಎತ್ತಿಕೊಂಡೇ ಕೂತಿದ್ದ.

ಅಂಥ ನಮ್ಮ ಮನೆಯವರು ತೆಗೆದ ಫೋಟೊಗಳು ಈಚೆಗೆ ಅಲುಗಿ ಬರತೊಡಗಿದವು. ಒಬ್ಬರಿಗೆ ಮೂರು ಕಿವಿ, ಇನ್ನೊಬ್ಬರಿಗೆ ಮೂಗಿನ ಪಕ್ಕದಲ್ಲೇ ಇನ್ನೊಂದು ಮೂಗು. ಗಿರಾಕಿ ಗೊಣಗಿದರೆ ಇವರ ಪಿತ್ತ ನೆತ್ತಿಗೇರುತ್ತಿತ್ತು. "ನೀವು ಅಲ್ಲಾಡಿದ್ರೆ ನಾನೇನ್ರೀ ಮಾಡ್ಲಿ? ಒಂದು ಕ್ಷಣ ನೆಟ್ಟಗೆ ಕೂರೋಕಾಗಲ್ವಾ?" ನಾನೂ ಬಾಚಣಿಗೆ ಆಡಿಸುತ್ತಾ "ಹೌದೌದು, ಅಲ್ಲಾಡಿದ್ರಿ" ಎಂದು ದನಿಗೂಡಿಸುತ್ತಿದ್ದೆ. ಜನ ಮುಖ ಸಣ್ಣದು ಮಾಡಿಕೊಂಡು ಮತ್ತೆ ಕೂರುವರು, ಮತ್ತೆ ಬೈಸಿಕೊಳ್ಳುವರು, ಕೊನೆಗೆ ಎದುರಿನ ಫೋಟೊ ಅಂಗಡಿಗೆ ಹೋಗುವರು.

ನಮಗೆ ಒಬ್ಬಳೇ ಮಗಳು. ಕೆಲಸ ಅಪ್ಪನಿಂದ ಕಲಿತಳು, ಬಾಯಿ ನನ್ನಿಂದ. "ಅಪ್ಪ, ಕ್ಯಾಮೆರಾನ ಸ್ಟ್ಯಾಂಡಿಗೆ ಹಾಕ್ಕೋ. ಇಲ್ಲಾಂದ್ರೆ ನಂಗೆ ಕೊಡು," ಎಂದು ಒಂದು ದಿನ ನೇರವಾಗಿ ಹೇಳಿಯೇಬಿಟ್ಟಳು.

"ಮೂರು ಕಾಲಿನ ಮೇಲೆ ನಿಲ್ಲೋದಕ್ಕೆ ಸ್ಟೂಲು ಅಂತಾರೆ. ನಾನು ಫೋಟೊಗ್ರಾಫರ್," ಎಂದರು ಇವರು.

ಆ ಹೊತ್ತಿಗೆ ಸರಿಯಾಗಿ ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನವರು ಒಂದು ಫೋಟೊ ಕೇಳಿದರು. ಬೆಳಗಿನ ಜಾವ, ಊರಾಚೆಯ ಬೋಳುಗುಡ್ಡ, ಅದರ ನೆತ್ತಿಯ ಮೇಲೆ ಇಳಿಯುವ ಹುಣ್ಣಿಮೆ ಚಂದ್ರ. ಇವರು ಹಿಗ್ಗಿ ಹೀರೇಕಾಯಿಯಾದರು. "ಕೊನೆಗೂ ಒಬ್ಬ ಮರ್ಯಾದಸ್ಥ ಗಿರಾಕಿ ಸಿಕ್ಕಿದ ಕಣೇ! ಕೆಮ್ಮಲ್ಲ, ಸೀನಲ್ಲ, ಕಂಕುಳಲ್ಲಿ ಮಗು ಎತ್ಕೊಂಡು ಬರಲ್ಲ." ಅದೇ ಉಮೇದಿನಲ್ಲಿ ಮಗಳಿಗೆ ಮಾತು ಕೊಟ್ಟರು: "ಇದೂ ಅಲುಗಿ ಬಂದ್ರೆ ಕ್ಯಾಮೆರಾ ನಿಂದು, ನಾನು ಮತ್ತೆ ಮುಟ್ಟಲ್ಲ. ಚೆನ್ನಾಗಿ ಬಂದ್ರೆ ಸ್ಟ್ಯಾಂಡಿನ ಸುದ್ದಿ ನಮ್ಮನೇಲಿ ಎತ್ತಬಾರದು."

ಮಗಳು ಒಪ್ಪಿಕೊಂಡಳು. ಕ್ಯಾಮೆರಾ ಇಲ್ಲದೆ ಈ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡಬೇಕು? ಮನೆಯಲ್ಲಿ ಕೂತು ದಿನವಿಡೀ ನನ್ನ ಗದ್ದ ಮೇಲೆತ್ತಿಸುತ್ತಾರೆ, ಅಷ್ಟೇ.

ಹುಣ್ಣಿಮೆಯ ಮಾರನೆಯ ಬೆಳಗ್ಗೆ, ಇನ್ನೂ ಮಬ್ಬುಗತ್ತಲಿರುವಾಗ, ಗುಡ್ಡದ ಎದುರಿಗಿರುವ ನೀರಿನ ಟ್ಯಾಂಕಿನ ತಲೆ ಹತ್ತಿದೆವು. ಅಲ್ಲಿನ ಕಾವಲುಗಾರ ಏಣಿಯ ಬೀಗ ತೆಗೆದುಕೊಟ್ಟು ತಾನೂ ಹತ್ತಿಬಂದ. ನನ್ನ ಕೈಯಲ್ಲಿದ್ದ ಬಾಚಣಿಗೆ, ಪೌಡರಿನ ಡಬ್ಬಿ ನೋಡಿ, "ಇದ್ಯಾರಿಗಮ್ಮಾ?" ಎಂದ. "ಅಭ್ಯಾಸ ಕಣಪ್ಪ, ಇರ್ಲಿ ಬಿಡು," ಎಂದೆ.

ಚಂದ್ರ ಇಳಿಯುತ್ತಾ ಬಂದ. ಇವರು ಸ್ಟುಡಿಯೋದ ಬಾಗಿಲಲ್ಲಿ ನಿಂತು ಕರೆಯುವ ದನಿಯಲ್ಲೇ ಕರೆದರು. "ಬನ್ನಿ ಸ್ವಾಮಿ, ಬನ್ನಿ. ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲೇ ಕೂತ್ಕೊಳ್ಳಿ. ಗದ್ದ ಸ್ವಲ್ಪ ಮೇಲೆ. ಅಲ್ಲಾಡಬೇಡಿ."

ಗುಡ್ಡಕ್ಕೆ ಆಗಲೇ ತಾಗಿದ್ದ ಚಂದ್ರ ಒಂದು ಬೆರಳಿನಷ್ಟು ಮೇಲೆದ್ದ. ಆಮೇಲೆ ಹಾಗೇ ನಿಂತುಬಿಟ್ಟ.

ನಾನು ಮಗಳ ಮುಖ ನೋಡಿದೆ, ಮಗಳು ನನ್ನ ಮುಖ ನೋಡಿದಳು. ಇವರಿಗೆ ಮಾತ್ರ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಗಿರಾಕಿ ಎಂದ ಮೇಲೆ ಹೇಳಿದ ಮಾತು ಕೇಳಬೇಕು. ಕ್ಯಾಮೆರಾ ಎತ್ತಿ ಒತ್ತಿದರು, ಹಿಂದಿನ ಪರದೆ ನೋಡಿದರು, ಮುಖ ಗಂಟಿಕ್ಕಿದರು. ಗುಡ್ಡದ ಮೇಲೆ ಎರಡು ಚಂದ್ರ, ಒಂದರ ಹೆಗಲ ಮೇಲೆ ಇನ್ನೊಂದು.

"ಅಲ್ಲಾಡಿದ್ರಲ್ಲ ಸ್ವಾಮಿ!" ಎಂದು ಗದರಿದರು. ಇನ್ನೊಂದು ತೆಗೆದರು. ಅದರಲ್ಲಿ ಎರಡೂವರೆ.

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಸೂರ್ಯ ಹುಟ್ಟಲು ಬಂದ. ಎದುರಿಗೆ ಚಂದ್ರ ಇನ್ನೂ ಕೂತಿರುವುದನ್ನು ಕಂಡು, ಊಟದ ಮಧ್ಯೆ ಬಂದ ನೆಂಟನ ಹಾಗೆ ಹೊಸ್ತಿಲಲ್ಲೇ ನಿಂತ. ಕೆಳಗೆ ಊರಿನಲ್ಲಿ ಒಂದು ಹುಂಜ ಕೂಗಲು ಶುರುಮಾಡಿ, ಅನುಮಾನ ಬಂದು ಅರ್ಧಕ್ಕೇ ನಿಲ್ಲಿಸಿತು. ಬೀದಿದೀಪಗಳನ್ನು ಆರಿಸಬೇಕೋ ಬೇಡವೋ ತಿಳಿಯದೆ ಯಾರೋ ಆರಿಸುತ್ತಿದ್ದರು, ಮತ್ತೆ ಹೊತ್ತಿಸುತ್ತಿದ್ದರು. ಜನ ಒಬ್ಬೊಬ್ಬರಾಗಿ ಟ್ಯಾಂಕಿನ ಬುಡದಲ್ಲಿ ಸೇರಿದರು.

"ಬನ್ನು ಬೆಂದಾಯ್ತು, ಬೆಳಗೇ ಆಗ್ಲಿಲ್ಲವಲ್ರೀ!" ಎಂದು ಬೇಕರಿಯವನು ಕೂಗಿದ. ಕರೆಂಟ್ ಆಫೀಸಿನವನು ಕೈ ಸೊಂಟದ ಮೇಲಿಟ್ಟು, "ಚಂದ್ರನ್ನ ನಿಲ್ಸೋಕೆ ಯಾರ ಪರ್ಮಿಷನ್ ತಗೊಂಡಿದ್ದೀರಿ?" ಎಂದ.

ನನಗೆ ಮೊದಲೇ ತಲೆ ಕೆಟ್ಟಿತ್ತು. "ನಿಲ್ಸಿಲ್ಲ ಕಣಯ್ಯಾ, ಕೂರ್ಸಿದ್ದೀವಿ! ಸುಮ್ನಿರು!" ಎಂದು ಮೇಲಿನಿಂದಲೇ ದಬಾಯಿಸಿದೆ. ಅವನ ಕೈ ಸೊಂಟದಿಂದ ಕೆಳಗಿಳಿಯಿತು.

ಇವರು ತೆಗೆಯುತ್ತಲೇ ಇದ್ದರು. ಒಂದರಲ್ಲಿ ಚಂದ್ರ ಕಲಸಿದ ಹಿಟ್ಟಾಗಿದ್ದ, ಇನ್ನೊಂದರಲ್ಲಿ ಬಾಲ ಬೆಳೆಸಿಕೊಂಡಿದ್ದ. ಪ್ರತಿ ಸಲವೂ ಬೈಗುಳ. ಆಗ ಕಾವಲುಗಾರ ಮೆಲ್ಲಗೆ ಬಾಯಿಬಿಟ್ಟ. "ಯಜಮಾನ್ರೇ, ಬೆಳಕು ಹರಿದ್ರೆ ನನ್ನ ಪಾಳಿ ಮುಗಿಯುತ್ತೆ. ಅದಕ್ಕೇ ಆಗಿಂದ ಕಣ್ಣು ಮಿಟುಕಿಸದೆ ಅವನನ್ನೇ ನೋಡ್ತಾ ಇದ್ದೀನಿ. ಗುಡ್ಡದ ಮೇಲೆ ಒಂದು ಕಂಬ ಇದೆಯಲ್ಲ, ಅದಕ್ಕೆ ಅಂಟ್ಕೊಂಡ ಹಾಗಿದ್ದಾನೆ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ."

"ಹಾಗಾದ್ರೆ ಗುಡ್ಡ ಅಲ್ಲಾಡಿರ್ಬೇಕು," ಎಂದರು ಇವರು. ಗುಡ್ಡಕ್ಕೂ ಎಚ್ಚರಿಕೆ ಕೊಟ್ಟು ಇನ್ನೊಂದು ತೆಗೆದರು. ಅದೂ ಅಲುಗಿತ್ತು.

"ಕೆಳಗೆ ಅಷ್ಟು ಜನ ಓಡಾಡಿದ್ರೆ ಟ್ಯಾಂಕು ಅಲುಗದೆ ಇರುತ್ತಾ?" ಎಂದು ಅಂಚಿಗೆ ಬಂದು, ಇಡೀ ಊರಿಗೆ ಕೇಳುವಂತೆ ಕೂಗಿದರು: "ಯಾರೂ ಅಲ್ಲಾಡಬೇಡಿ!"

ಊರೇ ನಿಂತಿತು. ಬೇಕರಿಯವನು ಬಾಯಿ ತೆರೆದವನು ತೆರೆದ ಹಾಗೆಯೇ ನಿಂತ. ಗಾಳಿ ನಿಂತಿತು, ಟ್ಯಾಂಕಿನೊಳಗಿನ ನೀರು ನಿಂತಿತು, ಮಗಳು ಉಸಿರು ಬಿಗಿಹಿಡಿದಳು. ಎದುರಿಗೆ ಗದ್ದ ಎತ್ತಿಕೊಂಡು ಚಂದ್ರ, ಹಿಂದೆ ಹೊಸ್ತಿಲಲ್ಲಿ ಸೂರ್ಯ. ಇವರು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡರು.

ಆ ನಿಶ್ಶಬ್ದದಲ್ಲಿ ಒಂದೇ ಒಂದು ಸದ್ದು ಕೇಳಿಸಿತು. ಟಿಕ್, ಟಿಕ್, ಟಿಕ್, ಟಿಕ್. ಕ್ಯಾಮೆರಾದ ಪಟ್ಟಿಯ ಕಬ್ಬಿಣದ ಕೊಂಡಿ ಕ್ಯಾಮೆರಾಗೇ ಬಡಿಯುತ್ತಿತ್ತು. ಈ ಸದ್ದನ್ನು ನಾನು ಸ್ಟುಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದೆ, ಗೋಡೆ ಗಡಿಯಾರದ್ದು ಅಂದುಕೊಂಡಿದ್ದೆ.

ಅವರಿಗೂ ಕೇಳಿಸಿತು. ಕ್ಯಾಮೆರಾ ಕೆಳಗಿಳಿಸಿ ತಮ್ಮ ಬಲಗೈಯನ್ನು ನೋಡಿದರು. ಅದು ನಡುಗುತ್ತಿತ್ತು. ಅದನ್ನು ಹಿಡಿದುಕೊಳ್ಳಲು ಎಡಗೈ ತಂದರು. ಅದೂ ನಡುಗುತ್ತಿತ್ತು. ಒಲೆಯ ಮೇಲೆ ಕುದಿಯುವ ಪಾತ್ರೆಯ ಮುಚ್ಚಳ ಇರುತ್ತದಲ್ಲ, ಹಾಗೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಯಾರ ಮೇಲೆ ಅಂತೀರಿ? ಚಂದ್ರನ ಮೇಲೆ. "ಒಂಚೂರು ಅಲ್ಲಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ, ಹಾಳಾದವನೇ!" ಎಂದು ಪೌಡರಿನ ಡಬ್ಬಿಯನ್ನು ಅವನ ಕಡೆಗೆ ಬೀಸಿ ಒಗೆದೆ. ಅದು ಕರೆಂಟ್ ಆಫೀಸಿನವನ ತಲೆಯ ಮೇಲೆ ಬಿದ್ದು ಅವನು ಬೆಳ್ಳಗಾದ. ಆದರೂ ಅವನು ಅಲ್ಲಾಡಲಿಲ್ಲ.

ಗೆದ್ದವಳು ಮಗಳಲ್ಲವೇ? ಅವಳು ಮೂಲೆಯಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದಳು. "ನಂಗೆ ಬೇಡ ಅಪ್ಪ. ಇನ್ನೊಂದ್ಸಲ ನೀನೇ ತೆಗಿ," ಎಂದಳು.

"ಬಾ ಇಲ್ಲಿ," ಎಂದರು ಇವರು. ಕ್ಯಾಮೆರಾದ ಪಟ್ಟಿಯನ್ನು ಕೊರಳಿಂದ ತೆಗೆಯಲು ಹೋಗಿ ಆಗದೆ ನನ್ನ ಕಡೆ ನೋಡಿದರು. ನಾನು ತೆಗೆದು ಮಗಳ ಕೊರಳಿಗೆ ಹಾಕಿದೆ. ಇವರು ಅವಳ ಪಕ್ಕದಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಗುಡ್ಡದ ಕಡೆಗೆ ತಿರುಗಿದರು.

"ಸ್ವಾಮಿ, ಇವಳು ನನ್ನ ಮಗಳು," ಎಂದರು. "ಇನ್ಮೇಲೆ ಇವಳು ಹೇಳಿದ ಹಾಗೆ ಕೇಳಿ."

ಮಗಳು ಕಣ್ಣೊರೆಸಿಕೊಂಡಳು, ಕ್ಯಾಮೆರಾ ಎತ್ತಿದಳು, ಒಂದೇ ಒಂದು ತೆಗೆದಳು. ಪರದೆಯ ಮೇಲೆ ಒಬ್ಬನೇ ಚಂದ್ರ ಇದ್ದ. ಕೆನ್ನೆಯ ಮೇಲಿನ ಒಂದೊಂದು ಕಲೆಯೂ ಎಣಿಸುವಷ್ಟು ಸ್ಪಷ್ಟ, ಕೆಳಗೆ ಗುಡ್ಡದ ಒಂದೊಂದು ಕಲ್ಲೂ ಸ್ಪಷ್ಟ. ಇವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ತಪ್ಪು ಹುಡುಕುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ಹೂಂ ಎಂದು ತಲೆಯಾಡಿಸಿದರು.

"ಆಯ್ತು, ಹೊರಡಿ," ಎಂದಳು ಮಗಳು. ಚಂದ್ರ ಗುಡ್ಡದ ಹಿಂದೆ ಇಳಿದ, ಬಹಳ ಹೊತ್ತು ಕೂತು ಸೊಂಟ ಹಿಡಿದವನ ಹಾಗೆ ಸ್ವಲ್ಪ ನಿಧಾನವಾಗಿಯೇ ಇಳಿದ. ಕೆಳಗೆ ಜನ ಮೈಮುರಿದು ಚದುರಿದರು. ಬಿಸಿಲು ಬಂತು. ಕಾವಲುಗಾರ ಬೀಗದ ಕೈ ಕುಣಿಸುತ್ತಾ ಮನೆಗೆ ಓಡಿದ.

ಇಳಿಯುವಾಗ ಇವರು ನನ್ನ ಮುಂದೆ ಇದ್ದರು, ಏಣಿಯ ಕಂಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು. ಅರ್ಧ ದಾರಿಯಲ್ಲಿ ನಿಂತುಬಿಟ್ಟರು.

"ಏನಾಯ್ತು ರೀ? ಕಾಲು ಜಾರ್ತಾ?" ಎಂದೆ.

ಇಲ್ಲವೆಂದು ತಲೆಯಾಡಿಸಿದರು. ಊರಿನ ಕಡೆ ನೋಡುತ್ತಿದ್ದರು. ಅಲ್ಲಿ ಬೀದಿಯಲ್ಲಿ ಜನ ಓಡಾಡುತ್ತಿದ್ದರು, ನಮ್ಮ ಕುರ್ಚಿಯ ಮೇಲೆ ಕೂತು ಎದ್ದುಹೋದ ಜನ.

"ಪಾಪ ಕಣೇ," ಎಂದರು. "ಅವರ್ಯಾರೂ ಅಲ್ಲಾಡಿರ್ಲಿಲ್ಲ."