ಸದ್ದಿಲ್ಲದೆ ಬಂದ ನೀರು

ಅಪ್ಪ ತೀರಿಕೊಂಡ ದಿನವೇ ನಮ್ಮ ಕೇರಿಯ ನೀರು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನಿಲ್ಲುವ ಹಾಗೆಯೇ ಅಪ್ಪ ಅದನ್ನು ಕಟ್ಟಿದ್ದ. ಇಪ್ಪತ್ತೆರಡು ವರ್ಷ ಅಣುಸ್ಥಾವರಗಳಿಗೆ ಯಂತ್ರ ರೂಪಿಸಿದ ಮನುಷ್ಯ, ಒಂದು ದಿನ ಕೆಲಸ ಬಿಟ್ಟು ಅಘನಾಶಿನಿಗೆ ಬಂದವನು ನೇರವಾಗಿ ನಮ್ಮ ಕೇರಿಯ ಬಾವಿಗೆ ಕೈಹಾಕಿದ. ಬಾವಿಯ ನೀರು ತುಕ್ಕಿನ ಬಣ್ಣದ್ದು. ಮಳೆಗಾಲದಲ್ಲಂತೂ ಗದ್ದೆಯ ಕೊಳೆಯೆಲ್ಲ ಒಸರಿ ಅದಕ್ಕೇ ಇಳಿಯುತ್ತಿತ್ತು. ಬಾವಿಯ ಪಕ್ಕ ಚಿರೆಕಲ್ಲಿನ ಸಣ್ಣ ಕೋಣೆ ಎದ್ದಿತು. ಅದರೊಳಗೆ ತೊಟ್ಟಿ, ತೊಟ್ಟಿಯಲ್ಲಿ ಮರಳಿನ ಹಾಸು, ಮರಳಿನಡಿ ಒಡೆದ ಬಳಚಿನ ಚಿಪ್ಪು. ಹೊಳೆಯಲ್ಲಿ ಮುಳುಗಿ ಬಳಚು ಹೆಕ್ಕುವ ಜಟ್ಟಣ್ಣನೇ ಬುಟ್ಟಿಗಟ್ಟಲೆ ಚಿಪ್ಪು ತಂದು ಸುರಿದಿದ್ದ.

"ಬಾಂಬು ಮಾಡೂ ಇಂಜಿನಿಯರ್ರು ಈಗ ಚಿಪ್ಪು ಒಡೀತಾ ಕೂತ್ಕಂಡ್ರು ನೋಡಿ" ಎಂದು ಕೇರಿಗೆಲ್ಲ ಸಾರಿದವನೂ ಅವನೇ.

"ಬಾಂಬಲ್ವೋ ಜಟ್ಟ, ಕರೆಂಟು" ಎಂದು ಅಪ್ಪ ಪ್ರತಿ ಸಲವೂ ತಿದ್ದುತ್ತಿದ್ದ.

"ಎರಡೂ ಮುಟ್ರೆ ಸಾಯ್ತ್ರಲ್ಲ, ಬಿಡಿ ಹರಿಹರಣ್ಣ."

ಯಂತ್ರ ಸರಳವಾದದ್ದು. ಹೊನ್ನಾವರದ ಬಂದರಿನ ಗುಜರಿಯಿಂದ ತಂದ, ಯಾವುದೋ ಹಳೆಯ ಬೋಟಿನ ಇಂಜಿನ್ನಿನ ಕಬ್ಬಿಣದ ಚಕ್ರವೊಂದು ಸರಪಳಿಗೆ ತೂಗಿಕೊಂಡಿರುತ್ತದೆ. ಅದು ಹಲ್ಲುಗಾಲಿಯೊಂದನ್ನು ತಿರುಗಿಸುತ್ತ ಒಂದೊಂದೇ ಹಲ್ಲಿನಷ್ಟು ಕೆಳಗಿಳಿಯುತ್ತದೆ. ಇಳಿದಾಗಲೆಲ್ಲ ಟಕ್ ಎನ್ನುತ್ತದೆ. ಒಂದು ದಿನದ ಮೇಲೆ ಒಂದೆರಡು ಗಂಟೆಗೆ ನೆಲದ ಕಲ್ಲು ಮುಟ್ಟುತ್ತದೆ. ಮುಟ್ಟಿದೊಡನೆ ಕೇರಿಗೆ ಹೋಗುವ ನೀರಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಚಕ್ರವನ್ನು ಮತ್ತೆ ಮೇಲೇರಿಸಲು ಕೈಪಂಪನ್ನು ನಲವತ್ತು ಸಲ ಒತ್ತಬೇಕು. ಒತ್ತಿದಂತೆಲ್ಲ ನೀರು ಕೆಳಗಿನಿಂದ ಮೇಲಕ್ಕೆ ಮರಳಿನೊಳಗೆ ನುಗ್ಗಿ, ಅಂಟಿದ ಕೊಳೆಯನ್ನು ಎಬ್ಬಿಸಿ ಹೊರಗೆ ಚೆಲ್ಲುತ್ತದೆ. ಮರಳು ತೊಳೆಯದೆ ಚಕ್ರ ಏರುವುದಿಲ್ಲ. ಚಕ್ರ ಏರದೆ ನೀರು ಬರುವುದಿಲ್ಲ.

"ಮೋಟರ್ ಹಾಕ್ಬಹುದಿತ್ತಲ್ಲ ಅಪ್ಪಾ" ಎಂದು ಒಮ್ಮೆ ಕೇಳಿದ್ದೆ.

"ಮೋಟರಿಗೆ ಕೊಳೆ ಕಾಣ್ತದಾ? ಮನುಷ್ಯ ಬರ್ಬೇಕು. ಬರ್ಲಿಲ್ಲ ಅಂದ್ರೆ ನೀರು ನಿಲ್ಬೇಕು. ನಾ ಸತ್ರೆ ಒಂದೇ ದಿನದಲ್ಲಿ ನಿಂಗೆ ಗೊತ್ತಾಗ್ತದೆ. ನೀರು ನಿಂತ ಕೂಡ್ಲೆ ಬಂದು ತೊಳಿ. ಆತಾ?"

"ಆತು" ಎಂದಿದ್ದೆ.

ದಿನಾ ಬೆಳಗಿನ ಐದು ಗಂಟೆಗೆ ಅಪ್ಪ ಆ ಕೋಣೆಗೆ ಹೋಗುತ್ತಿದ್ದ. ಪಂಪು ಹಿಡಿಯುವ ಮೊದಲು ಬಗ್ಗಿ, ತೂಗುವ ಚಕ್ರದ ಕೆಳಗಿನ ಕಲ್ಲಿನ ಮೇಲೆ ಅಂಗೈ ಆಡಿಸುತ್ತಿದ್ದ. ಆಮೇಲೆ ಮೆಲ್ಲಗೆ, ಪಕ್ಕದಲ್ಲಿ ನಿಂತವರನ್ನು ಕೇಳುವ ಹಾಗೆ, "ನರೇಶ, ಕೆಳಗೆ ಎಂತ ಇಟ್ಟಿದ್ಯೋ?" ಎನ್ನುತ್ತಿದ್ದ. ಕೇಳಿ ಸುಮ್ಮನೆ ನಿಲ್ಲುತ್ತಿದ್ದ, ಉತ್ತರ ಬರಲಿದೆ ಎಂಬಂತೆ. ನರೇಶ ಯಾರೆಂದು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಅಪ್ಪನ ಜೊತೆ ಕೆಲಸಕ್ಕಿದ್ದವನು, ಸತ್ತುಹೋದ ಎಂಬಷ್ಟೇ ಆಯಿಗೆ, ನನ್ನ ತಾಯಿಗೆ, ಗೊತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಅಪ್ಪ ಅಲ್ಲೇ, ಪಂಪಿನ ಹಿಡಿಯ ಮೇಲೆ ಹಣೆಯಿಟ್ಟು ಹೋಗಿಬಿಟ್ಟ. ಜಟ್ಟಣ್ಣ ನೋಡಿದಾಗ ಚಕ್ರ ಅರ್ಧ ಏರಿತ್ತಂತೆ.

ಅರ್ಧ ಏರಿದ್ದು ಆ ದಿನವೇ ಇಳಿದು ಮುಗಿಯಬೇಕಿತ್ತು. ಆದರೆ ಮರುದಿನ ನಲ್ಲಿ ತಿರುಗಿಸಿದರೆ ನೀರು ಬಂತು. ಮೂರನೆಯ ದಿನವೂ ಬಂತು. ಹನ್ನೊಂದನೆಯ ದಿನದ ಕ್ರಿಯೆಗೆ ಬಂದ ನೆಂಟರು ಕಾಲು ತೊಳೆದದ್ದೂ ಅದೇ ನೀರಿನಲ್ಲಿ.

ಕೇರಿಯ ಮೊದಲ ಮನೆಯ ಕುಪ್ಪಜ್ಜ ಜಗುಲಿಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳತೊಡಗಿದ: "ಹರಿಹರ ಹೋಗ್ಲಿಲ್ಲ ಮಾರಾಯಾ. ಐದು ಗಂಟೆಗೆ ಎದ್ದು ಪಂಪು ಹೊಡೀತ. ನಂಗೆ ಕೇಳ್ತದೆ."

"ನಿಂಗೆ ಎದುರಿಗೆ ನಿಂತು ಕೂಗಿದ್ರೇ ಕೇಳೂದಿಲ್ಲ ಅಜ್ಜಾ" ಎಂದು ಜಟ್ಟಣ್ಣ ನಕ್ಕ. ನಕ್ಕವನು ಬಾವಿಯ ಕಡೆಯ ದಾರಿ ಬಿಟ್ಟು ಸುತ್ತಿ ಹೊಳೆಗೆ ಇಳಿದ.

ಕೋಣೆಯ ಕೀಲಿ ಆಯಿಯ ಸೊಂಟದಲ್ಲಿತ್ತು. ಸಂಜೆ ಒಂದು ದೀಪ ಹಿಡಿದು ಒಳಗೆ ಹೋಗಿ, ಸ್ವಲ್ಪ ಹೊತ್ತು ಇದ್ದು ಬರುತ್ತಿದ್ದಳು. ಗಂಡ ಸತ್ತ ಜಾಗ. ಅಲ್ಲಿ ಎಂತ ಮಾಡ್ತೆ ಎಂದು ಯಾರು ಕೇಳುತ್ತಾರೆ? ಆಯಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೀರಿನ ಸದ್ದಿಗೆ ಕಿವಿಗೊಟ್ಟು ಅಡಿಗೆ ಮಾಡುತ್ತಿದ್ದಳು.

ನಾನು ಕುಮಟಾದಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಗಂಡ ನಿತೇಶ ಭಟ್ಕಳದ ಬಂದರಿನಿಂದ ಬೋಟಿಗೆ ಹೋದರೆ ಹತ್ತು ದಿನ ಪತ್ತೆಯಿಲ್ಲ. ಮಗಳು ಸುಚಿತಾಗೆ ಏಳು ವರ್ಷ. ಅವಳ ಜಡೆ, ಡಬ್ಬಿ, ಏಳೂವರೆಯ ಬಸ್ಸು. ಹಾಗೆ ಓಡುವಾಗ ಒಂದು ಬೆಳಿಗ್ಗೆ ಬಾವಿಯ ಕೋಣೆಯ ಮುಂದೆ ಕಾಲು ನಿಂತಿತು. ಬಾಗಿಲಿಗೆ ಕಿವಿಯಿಟ್ಟೆ. ಕೊಳವೆಯಲ್ಲಿ ನೀರು ಹರಿಯುವುದು ಕೇಳಿಸಿತು. ಟಕ್ ಎನ್ನುವ ಸದ್ದು ಮಾತ್ರ ಇರಲಿಲ್ಲ. ಎಷ್ಟು ಕಾದರೂ ಇರಲಿಲ್ಲ.

ಚಕ್ರ ಇಳಿಯುತ್ತಿಲ್ಲ; ನೀರು ಬರುತ್ತಿದೆ. ಇದಕ್ಕೆ ಅರ್ಥವೇನೆಂದು ಆ ಯಂತ್ರ ಮಾಡಿದವನ ಮಗಳು ಆಗಲೇ ಯೋಚಿಸಬೇಕಿತ್ತು. ಬಸ್ಸಿನ ಹಾರ್ನ್ ಕೇಳಿತು, ಓಡಿದೆ. ನಲವತ್ತು ಒತ್ತು ಒತ್ತಲು ಇನ್ನೂ ಅರ್ಧ ಗಂಟೆ ಮೊದಲು ಏಳಬೇಕಿತ್ತು ನಾನು. ಕುಪ್ಪಜ್ಜನ ಮಾತನ್ನು ನಂಬಿದೆನೆಂದಲ್ಲ. ಆದರೆ ಯಾರೋ ಆ ಕೆಲಸ ಮಾಡುತ್ತಿದ್ದಾರೆ ಎಂದುಕೊಳ್ಳುವುದು ಸುಲಭವಾಗಿತ್ತು.

ಅಪ್ಪ ಹೋದ ಇಪ್ಪತ್ತನಾಲ್ಕನೆಯ ದಿನ ಲ್ಯಾಬಿಗೆ ಕುಪ್ಪಜ್ಜನ ರಕ್ತ ಬಂತು. ಮರುದಿನ ಇನ್ನೊಂದು ಮನೆಯ ಹುಡುಗಿಯದ್ದು. ಅದರ ಮರುದಿನ ಜಟ್ಟಣ್ಣನ ಹೆಂಡತಿಯದ್ದು. ಮೂರೂ ಸೀಸೆಗಳ ಮೇಲೆ ನಮ್ಮ ಕೇರಿಯ ಹೆಸರು ಬರೆದದ್ದು ನಾನೇ. ಮೂರೂ ಟೈಫಾಯ್ಡ್. ಅದೇ ಮಧ್ಯಾಹ್ನ ಶಾಲೆಯಿಂದ ಫೋನು: "ಸುಚಿತಾಗೆ ಮೈ ಸುಡ್ತಾ ಉಂಟು, ಬಂದು ಕರ್ಕೊಂಡು ಹೋಗಿ."

ಮಗಳ ತೋಳಿಗೆ ನಾನೇ ಸೂಜಿ ಚುಚ್ಚಿ ರಕ್ತ ತೆಗೆದೆ; ಅದೂ ಟೈಫಾಯ್ಡ್. ಡಾಕ್ಟರಿಗೆ ತೋರಿಸಿ, ಔಷಧಿ ತೆಗೆದುಕೊಂಡು, ಆಟೋದಲ್ಲಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು ಮನೆಗೆ ಬಂದಾಗ ಸಂಜೆ ಐದೂವರೆ. ಅವಳನ್ನು ಮಲಗಿಸಿ, ಆಯಿಯ ಎದುರು ಕೈಚಾಚಿದೆ.

"ಕೀಲಿ ಕೊಡು."

"ಎಂತಕ್ಕೆ?"

"ಕೊಡು ಆಯಿ."

ಆಯಿ ಕೊಡಲಿಲ್ಲ, ತಾನೇ ಮುಂದೆ ನಡೆದು ಬಾಗಿಲು ತೆಗೆದಳು. ಒಳಗೆ ಎಣ್ಣೆಯ ಕಮಟು ಮತ್ತು ಹೊಳೆ ಇಳಿದಾಗ ಏಳುವ ಕೆಸರಿನ ವಾಸನೆ. ತೊಟ್ಟಿಯ ಮರಳಿನ ಮೇಲೆ ಕಪ್ಪು ಲೋಳೆ ಕೆನೆಯ ಹಾಗೆ ಕಟ್ಟಿತ್ತು. ದೀಪ ಬಗ್ಗಿಸಿ ನೋಡಿದೆ. ಚಕ್ರ ಕಲ್ಲಿನಿಂದ ಆರು ಬೆರಳು ಮೇಲೆ ನಿಂತಿತ್ತು. ಅದರ ಕೆಳಗೆ, ಅರಿಶಿನ ಕುಂಕುಮ ಹಚ್ಚಿದ ಜುಟ್ಟಿನ ತೆಂಗಿನಕಾಯಿ. ಸುತ್ತ ಬಾಡಿದ ಹೂವು.

ನಮ್ಮಲ್ಲಿ ಸತ್ತವರ ಹೆಸರಲ್ಲಿ ಒಂದು ಕಾಯಿ ಇಡುತ್ತೇವೆ. ಆ ಮನುಷ್ಯ ಅದರಲ್ಲಿ ಬಂದು ಕೂರುತ್ತಾನೆ. ವರ್ಷ ತುಂಬುವವರೆಗೆ ಅಲುಗಿಸುವಂತಿಲ್ಲ. ಮನೆಯ ದೇವರ ಕೋಣೆಯಲ್ಲಿ ಅಪ್ಪನ ಕಾಯಿ ಇಲ್ಲದ್ದನ್ನು ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

"ಇಲ್ಲೆಂತಕ್ಕೆ ಇಟ್ಟೆ ಆಯಿ?"

"ಮತ್ತೆಲ್ಲಿ ಇಡೂದು? ದೇವರ ಕೋಣೆಗೆ ಅವ್ರು ಒಂದಿನ ಬಂದದ್ದುಂಟಾ? ದಿನಾ ಬಗ್ಗಿ ಕೈ ಮುಟ್ಟಿಸ್ತಿದ್ದದ್ದು ಈ ಕಲ್ಲಿಗೆ. ಹೆಸರು ಹಿಡ್ದು ಕರೀತಿದ್ದದ್ದು ಇಲ್ಲಿ. ಆ ನರೇಶನ್ನ ಇಲ್ಲೇ ಕೂರ್ಸ್ಕಂಡಿದ್ರು ಅಂತ ತಿಳ್ಕಂಡೆ. ಹೋದ ದಿನಾನೇ ಇವ್ರನ್ನೂ ಅವನ ಹತ್ರನೇ ಕೂರ್ಸ್ದೆ." ಬಾಡಿದ ಹೂವೊಂದನ್ನು ಹೆಕ್ಕುತ್ತ ಅಂದಳು, "ಒಪ್ಕಂಡ್ರು. ಅದಕ್ಕೇ ನೀರು ನಿಲ್ಲಲಿಲ್ಲ."

ನರೇಶನ ಕಥೆ ಗೊತ್ತಿದ್ದದ್ದು ನನಗೊಬ್ಬಳಿಗೆ. ಸುಚಿತಾ ಹುಟ್ಟಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮಗುವಿನ ಮುಷ್ಟಿಯೊಳಗೆ ಬೆರಳು ಕೊಟ್ಟು ಅಪ್ಪ ಹೇಳಿದ್ದ. ಈಗ ಅದನ್ನು ಆಯಿಗೆ ಹೇಳಿದೆ.

ಸ್ಥಾವರಕ್ಕಾಗಿ ಅಪ್ಪ ಮಾಡಿದ ದೊಡ್ಡ ಯಂತ್ರವೂ ಬೀಳುವಂಥದ್ದೇ. ಕರೆಂಟು ಇರುವವರೆಗೆ ಮೇಲೆ ತೂಗಿರಬೇಕು. ಕರೆಂಟು ಹೋದ ಕ್ಷಣ, ಯಾರ ಅಪ್ಪಣೆಗೂ ಕಾಯದೆ ತನ್ನ ಭಾರಕ್ಕೆ ತಾನೇ ಬಿದ್ದು ಒಳಗಿನ ಕಾವನ್ನು ಆರಿಸಬೇಕು. ದೂರದ ಊರಿನ ಒಂದು ಶೆಡ್ಡಿನಲ್ಲಿ ಬರೀ ಕುದಿನೀರು ತುಂಬಿ ಅದರ ಮಾದರಿಯನ್ನು ಪರೀಕ್ಷಿಸುತ್ತಿದ್ದರು. ಕೆಳಗೆ ಕೂತು ಒರೆಸುವಾಗ ತಲೆಯ ಮೇಲೆ ಬೀಳದಿರಲಿ ಎಂದು ಅಪ್ಪನ ಸಹಾಯಕ ನರೇಶ ಅಡಿಗೊಂದು ಮರದ ತುಂಡು ಇಟ್ಟಿದ್ದ. ತೆಗೆಯಲು ಮರೆತ. ಅಪ್ಪ ಬಗ್ಗಿ ನೋಡದೆ ಸ್ವಿಚ್ಚು ಆರಿಸಿದ. ಯಂತ್ರ ಬೀಳಲಿಲ್ಲ. ಕಾವು ಆರದೆ, ಒತ್ತಡ ಏರಿ ಕೊಳವೆ ಒಡೆಯಿತು. ಕುದಿನೀರಿನ ಎದುರು ನಿಂತಿದ್ದವನು ನರೇಶ.

"ಅವ ಪೂಜೆ ಮಾಡ್ತಿರ್ಲಿಲ್ಲ ಆಯಿ. ಕೆಳಗೆ ಎಂತ ಆದ್ರೂ ಉಂಟಾ ಅಂತ ನೋಡ್ತಿದ್ದ."

ಆಯಿ ಕಾಯಿಯನ್ನೇ ನೋಡುತ್ತ ನಿಂತಳು. "ಅವ್ರು ಕೊಟ್ಟ ನೀರು ಮಗೀಗೆ ಜ್ವರ ತರ್ತದಾ?"

"ಇದು ಅವ ಕೊಟ್ಟ ನೀರಲ್ಲ. ಅವ ಇದ್ದಿದ್ರೆ ಯಾವಾಗ್ಲೋ ನಿಲ್ಲಿಸ್ತಿದ್ದ."

"ನಿಂತ್ರೆ... ನಿಂತ್ರೆ ಅವ್ರು ಹೋದ ಹಾಗೇ ಆತಲ್ಲೇ ಕಲ್ಪನಾ."

ಮನೆಯಿಂದ ಸುಚಿತಾ ಜ್ವರದಲ್ಲಿ ಕರೆಯುವುದು ಕೇಳಿಸಿತು. "ಅಜ್ಜೀ, ನೀರು" ಎನ್ನುತ್ತಿದ್ದಳು.

ಆಯಿ ಮಂಡಿಯೂರಿದಳು. ನಾನು ಚಕ್ರವನ್ನು ಎರಡೂ ಕೈಯಿಂದ ತಬ್ಬಿ, ಬೆನ್ನು ಬಿರಿಯುವಷ್ಟು ಎತ್ತಿ ಹಿಡಿದೆ. ಅವಳು ಕಾಯಿಯನ್ನು, ಹುಟ್ಟಿದ ಕೂಸನ್ನು ಎತ್ತುವ ಹಾಗೆ, ತಲೆಗೊಂದು ಬುಡಕ್ಕೊಂದು ಕೈಕೊಟ್ಟು ಎತ್ತಿಕೊಂಡಳು. ನಾನು ಕೈಬಿಟ್ಟು, ಹಲ್ಲುಗಾಲಿಯ ತಡೆ ಸರಿಸಿದೆ. ಟಕ್, ಟಕ್, ಟಕ್ ಎನ್ನುತ್ತ ಚಕ್ರ ಇಳಿದು ಕಲ್ಲು ಮುಟ್ಟಿತು. ಗೋಡೆಯೊಳಗಿನ ನೀರಿನ ಸದ್ದು ಕೂಡಲೇ ನಿಂತಿತು. ಅಷ್ಟು ದೊಡ್ಡ ಮೌನ ಆ ಕೇರಿಯಲ್ಲಿ ನಾನು ಕೇಳಿರಲಿಲ್ಲ.

"ಏ, ನೀರು ಹೋತಲ್ಲೋ!" ಹೊರಗೆ ಜಟ್ಟಣ್ಣನ ಕೂಗು.

ಆಯಿ ಕಾಯಿಯನ್ನು ಎದೆಗೊತ್ತಿಕೊಂಡು ಅತ್ತಳು. ಕೇರಿಯ ಮೂವತ್ತು ಮನೆಗಳಿಗೂ ಕೇಳುವ ಹಾಗೆ.

ಆ ಸಂಜೆ ನಾನು ಮನೆಮನೆಗೆ ಹೋಗಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿಸಿದೆ. ಜಟ್ಟಣ್ಣ ಹಳೆಯ ಚಿಪ್ಪು ತೆಗೆದು ಹೊಸದು ಸುರಿದ, ಈ ಸಲ ಬಾಯಿ ಬಿಡದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಬಿತ್ತು. ಹನ್ನೊಂದು ದಿನಕ್ಕೆ ಸುಚಿತಾ ಎದ್ದು ಗಂಜಿಗೆ ಉಪ್ಪಿನಕಾಯಿ ಕೇಳಿದಳು. ಆ ಇನ್ನೊಂದು ಮನೆಯ ಹುಡುಗಿಯೂ ಜಟ್ಟಣ್ಣನ ಹೆಂಡತಿಯೂ ಎದ್ದರು.

ಕುಪ್ಪಜ್ಜ ಏಳಲಿಲ್ಲ. ವಯಸ್ಸಾಗಿತ್ತು ಎಂದರು ಎಲ್ಲರೂ. ಯಾರೂ ನಮ್ಮನ್ನು ದೂರಲಿಲ್ಲ. ಒಬ್ಬರಾದರೂ ದೂರಿದ್ದರೆ ಚೆನ್ನಾಗಿತ್ತು.

ಅಪ್ಪನ ಕಾಯಿ ಈಗ ದೇವರ ಕೋಣೆಯಲ್ಲಿದೆ. ಐದು ಗಂಟೆಗೆ ನಾನು ಬಾವಿಯ ಕೋಣೆಗೆ ಹೋಗುತ್ತೇನೆ. ಸುಚಿತಾ ಒಂದೊಂದು ದಿನ ಕಣ್ಣುಜ್ಜುತ್ತ ಹಿಂದೆಯೇ ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ. ಒತ್ತು ಎಣಿಸುವ ಕೆಲಸ ಅವಳದ್ದು. ಮೊದಲು ಬಗ್ಗಿ ಚಕ್ರದ ಕೆಳಗೆ ಅಂಗೈ ಆಡಿಸುತ್ತೇನೆ. ಅಪ್ಪನ ಕೈ ಆಡಿ ಆಡಿ ಆ ಕಲ್ಲು ನುಣ್ಣಗಾಗಿದೆ. ಎಷ್ಟು ಚಳಿಯಿದ್ದರೂ ಅಲ್ಲಿ ಮಾತ್ರ ಸ್ವಲ್ಪ ಬೆಚ್ಚಗಿರುತ್ತದೆ, ಈಗಷ್ಟೇ ಯಾರೋ ಕೈ ತೆಗೆದ ಹಾಗೆ.

"ನರೇಶಣ್ಣ, ಕೆಳಗೆ ಎಂತ ಇಟ್ಟಿದ್ಯಾ?" ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಕಾದು, "ಕುಪ್ಪಜ್ಜಾ, ಕೇಳ್ತಾ?" ಎನ್ನುತ್ತೇನೆ.

"ಯಾರ ಹತ್ರ ಮಾತಾಡ್ತೆ ಅಮ್ಮಾ?"

"ನೀ ಎಣಿಸು."

"ಒಂದು" ಎನ್ನುತ್ತಾಳೆ. ನಾನು ಒತ್ತುತ್ತೇನೆ.