ಬೇಡ ಅಂದ ಮಾತು

ಹೆಲಿಕಾಪ್ಟರಿನಲ್ಲಿ ರೋಗಿಗಳನ್ನು ಸಾಗಿಸುವ ನರ್ಸುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಅರ್ಹತೆಯನ್ನು ನವೀಕರಿಸಿಕೊಳ್ಳುವ ಕರ್ಮ ತಪ್ಪಿದ್ದಲ್ಲ. ಒಂದಷ್ಟು ತರಗತಿಗಳಲ್ಲಿ ಕೂತೆದ್ದು ಬಂದರೂ ಕೆಲಸವಾಗುತ್ತದೆ, ಬುದ್ಧಿ ಇದ್ದವರು ಅದನ್ನೇ ಮಾಡುತ್ತಾರೆ. ಬ್ರಿಟಾ ಟ್ವೈಟ್ ಮಾತ್ರ ಪ್ರತಿ ಸಲವೂ ಪರೀಕ್ಷೆಯನ್ನೇ ಬರೆಯುತ್ತಿದ್ದಳು. ಹಠ, ಮತ್ತೇನು. ಮೊಂಟಾನಾ ರಾಜ್ಯದ ಬಯಲಿನಲ್ಲಿ ದನ ಸಾಕಿಕೊಂಡಿದ್ದ ಅಪ್ಪ ಗಾರ್ವಿನನಿಗೆ ಅದೇ ಹೆಮ್ಮೆ. ಮೇವಿನ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಹುಡುಗಿ ಮತ್ತೆ ಪರೀಕ್ಷೆಗೆ ಕೂತಿದಾಳೆ. ಫೇಲಾಗೋದು ಅವಳ ಜಾಯಮಾನದಲ್ಲೇ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ.

ಈ ಸಲ ಪರೀಕ್ಷೆಗೆ ಇನ್ನೊಂದು ವಾರವಿತ್ತು. ಹೃದಯದ ಪಾಠ ಓದುತ್ತ ಬೆಳಗು ಮಾಡಿದವಳು ಹಾಗೆಯೇ ಕೆಲಸಕ್ಕೆ ಬಂದಿದ್ದಳು. ಜೊತೆಗೆ ಹಾರುವ ತುರ್ತು ಚಿಕಿತ್ಸೆಯ ಪ್ಯಾರಾಮೆಡಿಕ್ ಲೊನ್ನಿ ಕಾಫಿ ಕೊಡುತ್ತ, "ನಿನ್ನ ಮುಖ ನೋಡಿದ್ರೆ ಸ್ಟ್ರೆಚರ್ ಮೇಲೆ ನಿನ್ನನ್ನೇ ಮಲಗಿಸ್ಬೇಕು ಅನ್ಸುತ್ತೆ" ಎಂದ.

"ನಿನ್ನ ಕೈಗೆ ಸಿಗೋದಕ್ಕಿಂತ ಸಾಯೋದೇ ವಾಸಿ ಕಣೋ" ಎಂದಳು ಬ್ರಿಟಾ. ಇಬ್ಬರೂ ನಕ್ಕರು.

ಅಷ್ಟರಲ್ಲಿ ಕರೆ ಬಂತು. ಕರೆ ಬಂದಾಗ ಇವರಿಗೆ ತಿಳಿಸುವುದು ಯಾವ ದಿಕ್ಕು, ಎಷ್ಟು ದೂರ ಎಂಬುದಷ್ಟೇ. ರೋಗಿ ಯಾರು, ಏನಾಗಿದೆ ಎಂಬುದನ್ನು ಹಾರುವ ತೀರ್ಮಾನವಾಗುವ ತನಕ ಹೇಳುವುದಿಲ್ಲ. ಹೇಳಿದರೆ ಕರುಳು ಚುರುಕ್ ಎಂದು ಹಾರಬಾರದ ಹೊತ್ತಿನಲ್ಲೂ ಹಾರಿಬಿಡುತ್ತಾರೆ. ಹಾಗೆ ಹಾರಿ ಹೆಣವಾದವರಿದ್ದಾರೆ. ಪೈಲಟ್, ನರ್ಸ್, ಪ್ಯಾರಾಮೆಡಿಕ್, ಮೂವರೂ ಹೂಂ ಅನ್ನಬೇಕು. ಒಬ್ಬರು ಬೇಡ ಅಂದರೂ ಮುಗಿಯಿತು, ಯಾಕೆ ಎಂದು ಕೇಳುವಂತಿಲ್ಲ.

ಆಕಾಶ ತೊಳೆದಿಟ್ಟ ಹಾಗಿತ್ತು. ಪೈಲಟ್ ಡೆಲ್ ಹೂಂ ಅಂದ, ಲೊನ್ನಿಯೂ ಅಂದ. ಬ್ರಿಟಾ ಔಷಧದ ಸೀಸೆ ಎತ್ತಿ ಅದರ ಮೇಲಿನ ಅಂಕಿ ಓದಿದಳು. ಮತ್ತೆ ಓದಿದಳು. ತಲೆಯಲ್ಲಿ ಏನೂ ನಿಲ್ಲಲಿಲ್ಲ. ಈ ಕೈಯಲ್ಲಿ ಔಷಧ ಕೊಟ್ಟರೆ ಯಾರನ್ನಾದರೂ ಕೊಂದೇನು ಅನ್ನಿಸಿತು.

"ನಾನು ಬರಲ್ಲ. ಬೇಡ" ಎಂದಳು.

"ಸರಿ" ಎಂದು ಡೆಲ್ ಹೆಲ್ಮೆಟ್ ಕೆಳಗಿಟ್ಟ. ದೂರದ ಇನ್ನೊಂದು ಊರಿನ ಹೆಲಿಕಾಪ್ಟರು ಹೊರಟಿತು.

ಆಮೇಲೆ ರೇಡಿಯೋ ಕೋಣೆಯಿಂದ ಬಂದ ಲೊನ್ನಿ ಅವಳ ಪಕ್ಕದಲ್ಲಿ ಕೂತ. "ಬ್ರಿಟಾ, ಅದು ನಿಮ್ಮ ಮನೆ. ನಿಮ್ಮಪ್ಪ" ಎಂದ. ಆ ಹೆಲಿಕಾಪ್ಟರು ಇಳಿಯುವ ಮೊದಲೇ ಗಾರ್ವಿನ್ ಕೊಟ್ಟಿಗೆಯ ಬಾಗಿಲಲ್ಲಿ ಪ್ರಾಣ ಬಿಟ್ಟಿದ್ದ.

ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಮಣ್ಣು ಮಾಡಿದ ದಿನ ಡೆಲ್ ಕೈ ಹಿಡಿದು, "ನೀನು ಮಾಡಿದ್ದು ಸರಿ" ಎಂದ. ಸರಿ ಎಂಬುದು ಅವಳಿಗೂ ಗೊತ್ತಿತ್ತು. ಅದನ್ನೇ ಅವಳಿಂದ ತಡೆಯಲಾಗಲಿಲ್ಲ. ತಪ್ಪಾಗಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು.

ಪರೀಕ್ಷೆಗೆ ಹೋಗುವುದಿಲ್ಲ ಎಂದಿದ್ದವಳನ್ನು ಅಮ್ಮ ಅರ್ಡಿಸ್ ಕಳಿಸಿದಳು. "ನಿಮ್ಮಪ್ಪ ಊರಿಗೆಲ್ಲ ಹೇಳ್ಕೊಂಡು ಬಂದಿದ್ರು ಕಣೇ. ಹೋಗಿ ಬಾ." ಬ್ರಿಟಾ ಹೋದಳು, ಪಾಸಾದಳು.

ಅಲ್ಲಿಂದ ನೇರ ಅಮ್ಮನ ಮನೆಗೆ ಬಂದಳು. ಸಾವಿನ ಮನೆಗೆಂದು ಚರ್ಚಿನ ಹೆಂಗಸರು ತಂದುಕೊಟ್ಟಿದ್ದ ಆಲೂಗಡ್ಡೆ ಮಾಂಸದ ತಟ್ಟೆಗಳು ಇನ್ನೂ ಮುಗಿದಿರಲಿಲ್ಲ. ಅರ್ಡಿಸ್ ಒಂದನ್ನು ಬಿಸಿ ಮಾಡಿ ಬಡಿಸಿದಳು. ಬ್ರಿಟಾ ತುತ್ತು ಎತ್ತಲಿಲ್ಲ.

"ಅಮ್ಮ, ಆವತ್ತು ಮೊದಲು ನಮಗೇ ಕರೆ ಬಂದಿತ್ತು. ನಾನೇ ಬೇಡ ಅಂದೆ. ಓದಿ ಓದಿ ತಲೆ ಓಡ್ತಿರಲಿಲ್ಲ. ಯಾರು ಅಂತ ನಂಗೆ ಗೊತ್ತಿರಲಿಲ್ಲಮ್ಮ."

ಮಗಳು ಬೈಗುಳಕ್ಕೆ ಕಾದಳು. ಬೈದರೆ ಹಗುರಾದೇನು ಎಂಬ ಆಸೆಯೂ ಇತ್ತು.

"ಹಿಂದಿನ ದಿನವೇ ಎದೆ ಹಿಡ್ಕೊಂಡ ಹಾಗಾಗ್ತಿದೆ ಅಂದಿದ್ರು" ಎಂದಳು ಅರ್ಡಿಸ್. "ಬ್ರಿಟಾನ ಒಂದು ಮಾತು ಕೇಳ್ಲಾ ಅಂತ ಫೋನ್ ಕೈಗೆ ತಗೊಂಡ್ರು. ನಾನೇ ಬೇಡ ಅಂದೆ. ಮಗು ಓದ್ತಾ ಇದೆ, ತೊಂದ್ರೆ ಕೊಡ್ಬೇಡಿ ಅಂದೆ." ಅವಳು ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡಳು. "ನಿಂಗೆ ಇದೆಲ್ಲ ಗೊತ್ತಿರುತ್ತಲ್ಲ, ಹೇಳು. ಆವತ್ತೇ ಫೋನ್ ಮಾಡಿದ್ರೆ ಉಳ್ಕೋತಿದ್ರಾ?"

ಬ್ರಿಟಾಳಿಗೆ ಗೊತ್ತಿತ್ತು. ಆ ಪಾಠವನ್ನೇ ಅಲ್ಲವೇ ಅವಳು ಬೆಳಗಿನ ತನಕ ಓದಿದ್ದು. ಅಂಥ ನೋವಿಗೆ ಹಿಂದಿನ ದಿನವೇ ಚಿಕಿತ್ಸೆ ಸಿಕ್ಕರೆ ಬಹುಪಾಲು ಜನ ಉಳಿಯುತ್ತಾರೆ.

"ಇಲ್ಲಮ್ಮ" ಎಂದಳು. "ಉಳೀತಿರಲಿಲ್ಲ. ಯಾರಿಂದಲೂ ಏನೂ ಮಾಡೋಕಾಗ್ತಿರಲಿಲ್ಲ."

ಪರೀಕ್ಷೆ ಪಾಸು ಮಾಡಿ ಬಂದವಳ ಮಾತು. ಅರ್ಡಿಸ್ ನಂಬಿದಳು, ಸೆರಗಿಲ್ಲದ ಆ ನಾಡಿನಲ್ಲಿ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, "ಹಾಗಾದ್ರೆ ನೀನೂ ಬಿಟ್ಬಿಡು, ಊಟ ಮಾಡು" ಎಂದಳು.

ಬ್ರಿಟಾ ಊಟ ಮಾಡಿದಳು.